ಐದು ಹಾಸಿಗೆ, ಒಬ್ಬ ನರ್ಸ್: ಮೊದಲು ಯಾರ ಬಳಿ ಹೋಗಬೇಕು?

ಹ್ಯಾಂಡೋವರ್ (ಹಿಂದಿನ ಶಿಫ್ಟಿನವರು ರೋಗಿಗಳನ್ನು ಒಪ್ಪಿಸುವುದು) ಮುಗಿದಿದೆ. ನಿಮ್ಮ ಪಾಲಿಗೆ ಬಂದವರು ಐದು ಜನ.

1ನೇ ಹಾಸಿಗೆ: ನಾಳೆ ಬೆಳಿಗ್ಗೆ ಹರ್ನಿಯಾ ಆಪರೇಷನ್. ಭಯಕ್ಕೆ ಹತ್ತು ನಿಮಿಷಕ್ಕೊಮ್ಮೆ ಬೆಲ್ ಒತ್ತುತ್ತಿದ್ದಾರೆ.

2ನೇ ಹಾಸಿಗೆ: 62 ವರ್ಷ, 60 ಕೆಜಿ. ದೊಡ್ಡ ಕರುಳಿನ ಒಂದು ಭಾಗ ತೆಗೆದು ಜೋಡಿಸಿ ಇವತ್ತಿಗೆ ನಾಲ್ಕನೇ ದಿನ. ಉಸಿರು 24, ಪಲ್ಸ್ 112, ಬಿಪಿ 108/84, ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾವಾರು ಮಟ್ಟ) ಹೊರಗಿನಿಂದ ಆಕ್ಸಿಜನ್ ಕೊಡದೆ 95, ಮೈಬಿಸಿ 37.9 ಡಿಗ್ರಿ ಸೆಲ್ಸಿಯಸ್. ಮೂರು ಗಂಟೆಯಲ್ಲಿ ಬಂದ ಮೂತ್ರ 50 ಮಿಲಿ. ಡ್ಯೂಟಿ ಮುಗಿಸಿ ಹೊರಟವರು ಹೇಳಿದ್ದು ಇಷ್ಟೇ: "ಬಿಪಿ ಸ್ಟೇಬಲ್ ಇದೆ ಸಿಸ್ಟರ್. ಮಧ್ಯಾಹ್ನದಿಂದ ಸ್ವಲ್ಪ ಹಟ ಮಾಡ್ತಿದ್ದಾರೆ, ಡ್ರಿಪ್ ಕಿತ್ಕೊಳ್ಳೋಕೆ ನೋಡ್ತಾರೆ."

3ನೇ ಹಾಸಿಗೆ: ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು. ಈಗಷ್ಟೇ ನೋಡಿದ ಶುಗರ್ 64. ಬೆವರುತ್ತಿದ್ದಾರೆ, ಆದರೆ ಸರಿಯಾಗಿ ಮಾತಾಡುತ್ತಿದ್ದಾರೆ.

4ನೇ ಹಾಸಿಗೆ: ಮೊಣಕಾಲ ಕೆಳಗಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿದೆ. ನೋವಿನ ಇಂಜೆಕ್ಷನ್ ಎರಡು ಸಲ ಕೊಟ್ಟರೂ ನೋವು ಹತ್ತಕ್ಕೆ ಎಂಟು. ಬೆರಳು ಜುಮುಗುಡುತ್ತಿದೆ ಅನ್ನುತ್ತಾರೆ.

5ನೇ ಹಾಸಿಗೆ: ಹಳೆಯ ಸಿಓಪಿಡಿ (ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ). ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಮೇಲೆ ಸ್ಯಾಚುರೇಶನ್ 90. ನಿನ್ನೆಯೂ ಅಷ್ಟೇ ಇತ್ತು. ಪಕ್ಕದವರ ಜೊತೆ ಹರಟುತ್ತಿದ್ದಾರೆ.

ಹೊಸಬರ ಕಾಲು ಮೊದಲು 1ಕ್ಕೆ ಎಳೆಯುತ್ತದೆ, ಬೆಲ್ ಬಾರಿಸುತ್ತಿದೆಯಲ್ಲ. ಇಲ್ಲವೇ 5ಕ್ಕೆ, ಐದೂ ಜನರಲ್ಲಿ ಕಡಿಮೆ ಸ್ಯಾಚುರೇಶನ್ ಅಲ್ಲೇ ಇದೆಯಲ್ಲ. ಎರಡೂ ತಪ್ಪು. ಹೋಗಬೇಕಾದದ್ದು 2ಕ್ಕೆ. ಯಾಕೆ ಎಂಬುದನ್ನು ಹಂತ ಹಂತವಾಗಿ ನೋಡೋಣ. ಇಲ್ಲಿರುವ ಔಷಧಿ ಪ್ರಮಾಣಗಳು ವಯಸ್ಕರಿಗೆ ಸಾಮಾನ್ಯವಾಗಿ ಬಳಸುವಂಥವು. ಕೊಡುವಾಗ ವೈದ್ಯರ ಆರ್ಡರ್ ಮತ್ತು ನಿಮ್ಮ ಆಸ್ಪತ್ರೆಯ ಪ್ರೋಟೋಕಾಲೇ ಅಂತಿಮ.

ಹಂತ 1: ಹ್ಯಾಂಡೋವರ್‌ನಲ್ಲೇ ಹಿಂದಿನ ಲೆಕ್ಕ ಕೇಳಿ

"ಬಿಪಿ ಎಷ್ಟು?" ಎಂದು ಕೇಳಿದರೆ ಅರ್ಧ ಮಾತ್ರ ಸಿಗುತ್ತದೆ. "ಬೆಳಿಗ್ಗೆ ಎಷ್ಟಿತ್ತು, ಅಡ್ಮಿಟ್ ಆದಾಗ ಎಷ್ಟಿತ್ತು?" ಎಂದೂ ಕೇಳಬೇಕು. 2ನೇ ಹಾಸಿಗೆಯವರ ಕೇಸ್ ಶೀಟ್ ತಿರುವಿದರೆ ಮಾಮೂಲಿ ಬಿಪಿ 150/90, ಬೆಳಿಗ್ಗೆ ಪಲ್ಸ್ 88. ಅಂಥವರಿಗೆ 108 ಎಂದರೆ ಸ್ಟೇಬಲ್ ಅಲ್ಲ, 42 ಇಳಿದಿದೆ. ಜೊತೆಗೆ ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವಿನ ಅಂತರ ನೋಡಿ: ಮೊದಲು 60, ಈಗ 24. ರಕ್ತನಾಳಗಳು ಬಿಗಿಹಿಡಿದು ಒತ್ತಡವನ್ನು ಹೇಗೋ ಉಳಿಸಿಕೊಳ್ಳುತ್ತಿವೆ ಎಂಬುದಕ್ಕೆ ಈ ಕಿರಿದಾದ ಅಂತರ ಒಂದು ಗುರುತು.

ಪ್ರತಿಯೊಬ್ಬರ ಮುಂದೆ ಇವಿಷ್ಟು ಬರೆದುಕೊಳ್ಳಿ: ಯಾಕೆ ಬಂದರು, ಆಪರೇಷನ್ ಆಗಿ ಎಷ್ಟನೇ ದಿನ, ಕೊನೆಯ ಎರಡು ಸಲದ ವೈಟಲ್ಸ್ (ಉಸಿರು, ಪಲ್ಸ್, ಬಿಪಿ, ಸ್ಯಾಚುರೇಶನ್, ಮೈಬಿಸಿಯ ಅಂಕಿಗಳು), ಮೈಮೇಲಿರುವ ಟ್ಯೂಬುಗಳು, ಮುಂದಿನ ಎರಡು ಗಂಟೆಯಲ್ಲಿ ಕೊಡಬೇಕಾದ ಔಷಧಿ, ಈ ಶಿಫ್ಟಿನಲ್ಲಿ ಹೊಸದಾಗಿ ಶುರುವಾದದ್ದು. ಕೊನೆಯ ಕಾಲಂ ಖಾಲಿ ಬಿಟ್ಟರೆ ಉಳಿದದ್ದೆಲ್ಲ ಬರಿಯ ಪಟ್ಟಿ.

ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಹೆಸರಿಗೆ ಗುರುತು ಹಾಕಿಡಿ. ರಕ್ತ ಸೋರಿದರೂ ಅವರ ಪಲ್ಸ್ ಏರದೇ ಇರಬಹುದು. ಸ್ಟಿರಾಯ್ಡ್ ಮೇಲಿರುವವರಿಗೂ ತೀರಾ ವಯಸ್ಸಾದವರಿಗೂ ಸೋಂಕು ಜೋರಾಗಿದ್ದರೂ ಜ್ವರ ಬರದೇ ಇರಬಹುದು. ಇಂಥವರಲ್ಲಿ ಅಂಕಿ ಚೆನ್ನಾಗಿದೆ ಎಂಬ ಸಮಾಧಾನ ಬೇಡ.

ಹಂತ 2: ಒಂದು ಸುತ್ತು, ಒಬ್ಬೊಬ್ಬರಿಗೆ ಒಂದು ನಿಮಿಷ

ಔಷಧಿ ಟ್ರಾಲಿ ಎಳೆಯುವ ಮೊದಲು ಬರಿಗೈಯಲ್ಲಿ ಒಂದು ಸುತ್ತು ಹಾಕಿ. ಹಾಸಿಗೆಯ ಕಾಲ ಬದಿಯಲ್ಲಿ ನಿಂತು ಮಾತಾಡಿಸಿ. ಪೂರ್ತಿ ವಾಕ್ಯದಲ್ಲಿ, ತಡವರಿಸದೆ ಉತ್ತರ ಬಂದರೆ ಶ್ವಾಸದ ದಾರಿ ತೆರೆದಿದೆ, ಉಸಿರು ಸಾಲುತ್ತಿದೆ, ಮೆದುಳಿಗೆ ರಕ್ತ ಹೋಗುತ್ತಿದೆ. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಂಡರೆ ಅಲ್ಲೇ ನಿಲ್ಲಿ.

ಮಣಿಕಟ್ಟು ಹಿಡಿಯಿರಿ. ಕೈ ತಣ್ಣಗೆ, ಬೆವರಿನಿಂದ ಒದ್ದೆಯಾಗಿದೆಯೇ? ನಾಡಿ ನೋಡುವವರಂತೆ ಕೈ ಹಿಡಿದುಕೊಂಡೇ ಎದೆಯ ಏರಿಳಿತ ಎಣಿಸಿ, ಪೂರ್ತಿ 60 ಸೆಕೆಂಡು. ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಯಾರೇ ಆಗಲಿ ಉಸಿರಾಟ ಬದಲಿಸುತ್ತಾರೆ. ವೈಟಲ್ಸ್‌ನಲ್ಲಿ ಅತಿ ಹೆಚ್ಚು ಅಂದಾಜಿಗೆ ಬಲಿಯಾಗುವುದು ಈ ಉಸಿರಿನ ಲೆಕ್ಕವೇ. ಇಡೀ ವಾರ್ಡಿನವರೆಲ್ಲ ಇಡೀ ದಿನ ನಿಮಿಷಕ್ಕೆ ಸರಿಯಾಗಿ 20 ಸಲ ಉಸಿರಾಡಿದ ಚಾರ್ಟ್ ನೋಡದ ನರ್ಸ್ ಇರಲಾರರು. ರೋಗಿ ಕುಸಿಯುವ ಮುನ್ನ ಮೊದಲು ಏರುವ ಅಂಕಿಗಳಲ್ಲಿ ಇದೂ ಒಂದು. ಬಿಪಿ ಬೀಳುವುದು ತಡವಾಗಿ: ಗಟ್ಟಿಮುಟ್ಟಾದ ವಯಸ್ಕರಲ್ಲಿ ಸುಮಾರು ಶೇಕಡಾ 30ರಷ್ಟು ರಕ್ತ ಹೋಗುವವರೆಗೂ ಮೇಲಿನ ಬಿಪಿ ನಿಂತೇ ಇರಬಹುದು.

ಆಮೇಲೆ ಟ್ಯೂಬುಗಳನ್ನು ಮೈಯಿಂದ ಹಿಡಿದು ಬಾಟಲಿಯವರೆಗೆ ಕಣ್ಣಾಡಿಸಿ. ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಡ್ರಿಪ್‌ನ ಸಣ್ಣ ಕೊಳವೆ) ಜಾಗ ಊದಿದೆಯೇ, ಡ್ರೈನ್‌ನಲ್ಲಿ (ಆಪರೇಷನ್ ಜಾಗದಿಂದ ದ್ರವ ಹೊರತರುವ ಟ್ಯೂಬ್) ಏನು ಬಣ್ಣ, ಯೂರಿನ್ ಬ್ಯಾಗಿನಲ್ಲಿ ಎಷ್ಟಿದೆ. ಗಂಟೆಗೆ ಪ್ರತಿ ಕೆಜಿಗೆ 0.5 ಮಿಲಿ ಮೂತ್ರ ಬರಬೇಕು. 60 ಕೆಜಿಯವರಿಗೆ ಗಂಟೆಗೆ 30, ಮೂರು ಗಂಟೆಗೆ 90. ನಮ್ಮವರಿಗೆ ಬಂದಿರುವುದು 50. ಹಾಗೆಂದು ಕಿಡ್ನಿಯ ಮೇಲೆ ತಪ್ಪು ಹೊರಿಸುವ ಮೊದಲು ಟ್ಯೂಬ್ ಮಡಚಿದೆಯೇ, ತೊಡೆಯ ಕೆಳಗೆ ಸಿಕ್ಕಿದೆಯೇ, ಕಿಬ್ಬೊಟ್ಟೆ ಉಬ್ಬಿದೆಯೇ ನೋಡಿ. ಮೂತ್ರ ನಿಧಾನವಾಗಿ ಕಡಿಮೆಯಾದರೆ ದೇಹದಲ್ಲಿ ತೊಂದರೆ. ಒಮ್ಮೆಲೇ ಸೊನ್ನೆಯಾದರೆ ಮೊದಲ ಅನುಮಾನ ಟ್ಯೂಬಿನ ಮೇಲೆ.

ಹಂತ 3: ಸಾಲು ಹಚ್ಚಿ

ಶ್ವಾಸದ ದಾರಿ, ಉಸಿರು, ರಕ್ತ ಸಂಚಾರ, ಪ್ರಜ್ಞೆ ಎಂಬ ಕ್ರಮ ಎಲ್ಲರಿಗೂ ಬಾಯಿಪಾಠ. ತೊಡಕು ಬರುವುದು ಅದನ್ನು ಕಣ್ಣುಮುಚ್ಚಿ ಅನ್ವಯಿಸಿದಾಗ. 5ನೇ ಹಾಸಿಗೆಯದು ಉಸಿರಿನ ಕಾಯಿಲೆ, ಹಾಗಾಗಿ ಅವರೇ ಮೊದಲು ಅನ್ನಿಸುತ್ತದೆ. ಆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ಅಪಾಯವಿರುವ ಸಿಓಪಿಡಿಯವರಿಗೆ ಗುರಿಯೇ 88ರಿಂದ 92. ಅವರ 90 ಸರಿಯಾಗಿಯೇ ಇದೆ. ಅದನ್ನು 98 ಮಾಡಲು ಆಕ್ಸಿಜನ್ ಏರಿಸಿದರೆ ಹೊಸ ತೊಂದರೆಯನ್ನು ನಾವೇ ಹುಟ್ಟುಹಾಕಿದಂತೆ.

ಆದ್ದರಿಂದ ಆ ಕ್ರಮದ ಜೊತೆ ಮೂರು ಪ್ರಶ್ನೆ ಸೇರಿಸಿ. ಇದು ಹೊಸದೋ ಹಳೆಯದೋ? ಗಂಟೆಗಂಟೆಗೆ ಬದಲಾಗುತ್ತಿದೆಯೋ, ನಿಂತಲ್ಲೇ ಇದೆಯೋ? ತಡಮಾಡಿದರೆ ಮರಳಿ ಬಾರದಂಥದ್ದು ಏನು ಹೋಗುತ್ತದೆ?

ಅಂಕಿಗಳನ್ನು ಕೂಡಿಸಿ ನೋಡುವ ಒಂದು ಸಾಧನವೂ ಇದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಹೊರತಂದು 2017ರಲ್ಲಿ ತಿದ್ದಿದ 'ನ್ಯೂಸ್ 2' ಸ್ಕೋರ್. 2ನೇ ಹಾಸಿಗೆಯವರಿಗೆ ಹಾಕೋಣ: ಉಸಿರು 24ಕ್ಕೆ 2, ಸ್ಯಾಚುರೇಶನ್ 95ಕ್ಕೆ 1, ಬಿಪಿ 108ಕ್ಕೆ 1, ಪಲ್ಸ್ 112ಕ್ಕೆ 2, ಮೈಬಿಸಿಗೆ 0. ಒಟ್ಟು 6. ಐದು-ಆರು ಎಂದರೆ ವೈದ್ಯರು ತುರ್ತಾಗಿ ನೋಡಬೇಕು. ಈಗ "ಹಟ ಮಾಡ್ತಿದ್ದಾರೆ" ಎಂಬ ಮಾತನ್ನು ತೆರೆದು ನೋಡಿ. "ನೀವೀಗ ಎಲ್ಲಿದ್ದೀರಿ? ಇವತ್ತು ಯಾವ ವಾರ?" ಎಂದು ಕೇಳಿದಾಗ ನಿನ್ನೆ ಸರಿಯಾಗಿ ಹೇಳುತ್ತಿದ್ದವರು ಇವತ್ತು ತಬ್ಬಿಬ್ಬಾದರೆ ಅದು ಹೊಸ ಗೊಂದಲ, ಅದಕ್ಕೆ 3. ಒಟ್ಟು 9. ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು ತಂಡವನ್ನೇ ಕರೆಯಬೇಕು. ಸ್ವಭಾವದ ಲೆಕ್ಕಕ್ಕೆ ಬರೆದುಬಿಟ್ಟ ಒಂದು ಲಕ್ಷಣದಿಂದ ಇಷ್ಟು ವ್ಯತ್ಯಾಸ. ಸ್ಕೋರಿಗೂ ಕುರುಡು ಜಾಗಗಳಿವೆ: ಅದು ಮೂತ್ರ ಕೇಳುವುದಿಲ್ಲ, ಮಾಮೂಲಿ ಬಿಪಿ 150 ಎಂಬುದು ಅದಕ್ಕೆ ಗೊತ್ತಿಲ್ಲ, 4ನೇ ಹಾಸಿಗೆಯ ಕಾಲಂತೂ ಅದರ ಕಣ್ಣಿಗೇ ಬೀಳುವುದಿಲ್ಲ.

ಆ ಕಾಲಿನ ವಿಚಾರ. ಔಷಧಿಗೆ ಬಗ್ಗದ ನೋವು, ಕಾಲ್ಬೆರಳನ್ನು ನಾವು ಹಿಂದಕ್ಕೆ ಬಗ್ಗಿಸಿದಾಗ ಚೀರುವಷ್ಟು ಏರುವ ನೋವು, ಜುಮುಗುಡುವಿಕೆ. ಸ್ನಾಯುವಿನ ಪೊರೆಯೊಳಗೆ ಒತ್ತಡ ಕಟ್ಟಿಕೊಂಡು ರಕ್ತ ನಿಲ್ಲುವ ಕಂಪಾರ್ಟ್‌ಮೆಂಟ್ ಸಿಂಡ್ರೋಮಿನ ಗುರುತುಗಳಿವು. ಪಾದದ ನಾಡಿ ಸಿಗುತ್ತಿದೆ ಎಂದು ಸುಮ್ಮನಾಗಬೇಡಿ, ಅದು ಹೋಗುವುದು ಎಲ್ಲಕ್ಕಿಂತ ಕೊನೆಗೆ. ಊತ ಇಳಿಯಲಿ ಎಂದು ದಿಂಬಿನ ಮೇಲೆ ಎತ್ತಿಟ್ಟ ಕಾಲನ್ನು ಹೃದಯದ ಮಟ್ಟಕ್ಕೆ ಇಳಿಸಿ. ಎತ್ತರದಲ್ಲಿಟ್ಟರೆ ಒಳಗೆ ಹರಿಯುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ಐಸ್ ತೆಗೆಯಿರಿ, ಮೂರನೇ ಇಂಜೆಕ್ಷನ್‌ಗೆ ಕೈಹಾಕುವ ಬದಲು ಮೂಳೆ ವೈದ್ಯರಿಗೆ ಆಗಲೇ ಫೋನ್ ಮಾಡಿ, ಪ್ಲಾಸ್ಟರ್ ಸೀಳಲು ಬೇಕಾದದ್ದು ತಯಾರಿಡಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ಬಾಯಿಗೆ ಏನೂ ಬೇಡ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ.

3ನೇ ಹಾಸಿಗೆಯದು ಎರಡು ನಿಮಿಷದ ಕೆಲಸ, ಆದರೆ ಬಿಟ್ಟರೆ ಪ್ರಜ್ಞೆ ತಪ್ಪಬಹುದು. 2ನೇ ಹಾಸಿಗೆಗೆ ಹೋಗುತ್ತಲೇ ಜೊತೆಯವರಿಗೆ ಹೇಳಿ: "ಸಿಸ್ಟರ್, ಮೂರನೇ ಬೆಡ್‌ಗೆ 15 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಸಿ, ಸರಿಯಾಗಿ 15 ನಿಮಿಷಕ್ಕೆ ಶುಗರ್ ನೋಡಿ ನನಗೆ ಹೇಳಿ. 70ರ ಕೆಳಗಿದ್ರೆ ಇನ್ನೊಂದ್ಸಲ ಕೊಡಿ." ಗ್ಲೂಕೋಸ್ ಪುಡಿ ಇಲ್ಲದಿದ್ದರೆ ಮೂರು ಟೀ ಚಮಚ ಸಕ್ಕರೆ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ಏರುವುದನ್ನು ತಡಮಾಡುತ್ತದೆ. ಮಂಪರು ಬಂದವರ ಬಾಯಿಗಂತೂ ಏನೂ ಹಾಕಬಾರದು. ಅವರಿಗೆ ರಕ್ತನಾಳದ ಮೂಲಕ ಡೆಕ್ಸ್‌ಟ್ರೋಸ್, ಕ್ಯಾನುಲಾ ಸಿಗದಿದ್ದರೆ ಸ್ನಾಯುವಿಗೆ ಗ್ಲೂಕಗಾನ್ 1 ಮಿಗ್ರಾಂ. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗಿದವರ ಶುಗರ್ ಒಮ್ಮೆ ಏರಿ ಮತ್ತೆ ಬೀಳಬಹುದು. ಒಂದು ಸಲ ಸರಿಹೋಯಿತೆಂದು ಪಟ್ಟಿಯಿಂದ ಹೊಡೆದುಹಾಕಬೇಡಿ.

ಹೀಗೆ ಸಾಲು 2, 4, 5, 1. 3ನೆಯದು ಹೋಗುವ ದಾರಿಯಲ್ಲೇ ಬೇರೆ ಕೈಗೆ. 1ನೇ ಹಾಸಿಗೆಯವರಿಗೆ ದಾಟುವಾಗ ಒಂದು ಮಾತು ಸಾಕು: "ಅರ್ಧ ಗಂಟೆಯಲ್ಲಿ ಬಂದು ಕೂತು ಎಲ್ಲ ವಿವರಿಸ್ತೀನಿ." ಹೊತ್ತು ಗೊತ್ತಾದರೆ ಬೆಲ್ ನಿಲ್ಲುತ್ತದೆ. ಹೇಳಿದ ಹೊತ್ತಿಗೆ ಹೋಗಬೇಕು ಅಷ್ಟೆ.

ಹಂತ 4: ವೈದ್ಯರು ಬರುವ ಮೊದಲು ಕೈಯಲ್ಲಿ ಆಗುವುದನ್ನು ಮಾಡಿ

ಕರುಳು ಜೋಡಿಸಿದ ನಾಲ್ಕನೇ ದಿನ ಉಸಿರು, ಪಲ್ಸ್ ಏರಿ, ಮೂತ್ರ ಇಳಿದು, ಗೊಂದಲ ಶುರುವಾದರೆ ಮೊದಲು ತಲೆಗೆ ಬರಬೇಕಾದದ್ದು ಹೊಲಿಗೆ ಸೋರಿ (ಲೀಕ್) ಸೋಂಕು ರಕ್ತಕ್ಕೆ ಹರಡಿದೆಯೇ (ಸೆಪ್ಸಿಸ್) ಎಂಬುದು. ಒಳಗೆ ರಕ್ತಸ್ರಾವ, ನೀರಿನಂಶ ಕಡಿಮೆಯಾಗಿರುವುದು, ಶ್ವಾಸಕೋಶಕ್ಕೆ ಹೋಗಿ ಕೂತ ರಕ್ತದ ಗೆಡ್ಡೆ ಇವೂ ಸಾಲಿನಲ್ಲಿವೆ. ನರ್ಸ್ ರೋಗ ಹೆಸರಿಸಬೇಕಿಲ್ಲ. ಆದರೆ ಯಾವುದನ್ನು ಹುಡುಕುತ್ತಿದ್ದೇವೆ ಎಂದು ಗೊತ್ತಿದ್ದರೆ ಎಲ್ಲಿ ಕೈಯಿಡಬೇಕೆಂದು ಗೊತ್ತಾಗುತ್ತದೆ: ಹೊಟ್ಟೆ ಗಟ್ಟಿಯಾಗಿದೆಯೇ, ಉಬ್ಬಿದೆಯೇ, ಡ್ರೈನ್‌ನಲ್ಲಿ ಮಲದ ಬಣ್ಣ ಅಥವಾ ವಾಸನೆ ಇದೆಯೇ, ಡ್ರೆಸ್ಸಿಂಗ್ ಒದ್ದೆಯಾಗಿದೆಯೇ, ಮೀನಖಂಡ ಊದಿದೆಯೇ.

ಅಷ್ಟರಲ್ಲಿ ಬಾಯಿಗೆ ಏನೂ ಕೊಡದಿರಿ. ಗೊಂದಲ ಇರುವುದರಿಂದ ಶುಗರ್ ನೋಡಿ. ಕ್ಯಾನುಲಾ ಹರಿಯುತ್ತಿದೆಯೇ ಪರೀಕ್ಷಿಸಿ. ಎರಡನೆಯದು, ಸಾಧ್ಯವಾದರೆ 18 ಗೇಜಿನದು, ಬಿಪಿ ಇನ್ನೂ ಬಿದ್ದು ನರಗಳು ಅಡಗುವ ಮೊದಲೇ ಹಾಕಿಸಿ. ಸ್ಯಾಚುರೇಶನ್ 94ರ ಕೆಳಗಿಳಿದರೆ ಆಕ್ಸಿಜನ್ ಶುರು ಮಾಡಿ. ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂಬ ಪರೀಕ್ಷೆ) ಬಾಟಲಿ, ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಿದ್ದಾಗ ಏರುವ ಅಂಕಿ) ಟ್ಯೂಬ್ ತಂದಿಡಿ. ಆ್ಯಂಟಿಬಯಾಟಿಕ್ ಕೊಡುವ ಮೊದಲೇ ಕಲ್ಚರ್ ತೆಗೆಯಬೇಕು, ಆದರೆ ಕಲ್ಚರಿಗಾಗಿ ಆ್ಯಂಟಿಬಯಾಟಿಕ್ ತಡವಾಗಬಾರದು. ಸೋಂಕಿನಿಂದ ಶಾಕ್ (ಅಂಗಗಳಿಗೆ ರಕ್ತ ಸಾಲದ ಸ್ಥಿತಿ) ಇರುವ ಅನುಮಾನವಿದ್ದರೆ ಆ್ಯಂಟಿಬಯಾಟಿಕ್ ಒಂದು ಗಂಟೆಯೊಳಗೆ ಒಳಗೆ ಹೋಗಬೇಕು.

ಮಾಡಬಾರದ್ದು ಒಂದಿದೆ. ಚಡಪಡಿಸುತ್ತಿದ್ದಾರೆಂದು ಕೈ ಕಟ್ಟುವುದು, ನಿದ್ದೆಯ ಇಂಜೆಕ್ಷನ್ ಕೇಳುವುದು. ಆಮ್ಲಜನಕದ ಕೊರತೆ, ಶಾಕ್, ಕಡಿಮೆ ಶುಗರ್, ತುಂಬಿದ ಮೂತ್ರಕೋಶ, ನೋವು, ಈ ಐದನ್ನೂ ನೋಡಿ ಮುಗಿಸುವವರೆಗೆ ಚಡಪಡಿಕೆ ಎಂಬುದು ದೇಹದ ಕೂಗು. ಅದನ್ನು ಮಲಗಿಸಿದರೆ ಎಚ್ಚರಿಕೆಯ ಗಂಟೆಯನ್ನೇ ಕಿತ್ತುಹಾಕಿದಂತೆ.

ಹಂತ 5: ಫೋನಿನಲ್ಲಿ ಹೇಳುವ ರೀತಿ

"ಸರ್, ಎರಡನೇ ಬೆಡ್ ಪೇಷಂಟ್ ಯಾಕೋ ಸರಿ ಇಲ್ಲ, ಒಂದ್ಸಲ ಬಂದು ನೋಡ್ತೀರಾ?" ಎಂದರೆ ಆ ಕಡೆಯಿಂದ "ಬಿಪಿ ಎಷ್ಟು?" ಬರುತ್ತದೆ. 108 ಎಂದರೆ "ಸರಿ, ವಾಚ್ ಮಾಡಿ" ಬರುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಎಸ್‌ಬಿಎಆರ್ ಕ್ರಮ ಬಳಸಿ: ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ನಿಮಗೆ ಬೇಕಾದದ್ದು.

"ಸರ್, ಸರ್ಜಿಕಲ್ ವಾರ್ಡ್ ಸ್ಟಾಫ್ ನರ್ಸ್ ಮಾತಾಡ್ತಿರೋದು. ಎರಡನೇ ಬೆಡ್ ಪೇಷಂಟನ್ನ ನೀವು ಈಗಲೇ ನೋಡಬೇಕು. ಹೊಸದಾಗಿ ಕನ್‌ಫ್ಯೂಸ್ ಆಗಿದ್ದಾರೆ, ಉಸಿರು 24, ಪಲ್ಸ್ 112, ಬಿಪಿ 108/84, ನ್ಯೂಸ್ ಸ್ಕೋರ್ 9. ಕೋಲನ್ ಸರ್ಜರಿ ಆಗಿ ನಾಲ್ಕನೇ ದಿನ. ಬೆಳಿಗ್ಗೆ ಪಲ್ಸ್ 88 ಇತ್ತು, ಮಾಮೂಲಿ ಬಿಪಿ 150. ಮೂರು ಗಂಟೆಗೆ ಯೂರಿನ್ 50 ಮಿಲಿ, ಟ್ಯೂಬ್ ಮಡಚಿಲ್ಲ. ಹೊಟ್ಟೆ ಗಟ್ಟಿಯಾಗಿದೆ. ಶುಗರ್ 130. ಸೆಪ್ಸಿಸ್ ಅಥವಾ ಲೀಕ್ ಇರಬಹುದು ಅಂತ ನನಗೆ ಅನುಮಾನ. ಎಷ್ಟು ನಿಮಿಷದಲ್ಲಿ ಬರ್ತೀರಿ ಸರ್? ಅಷ್ಟರಲ್ಲಿ ಕಲ್ಚರ್, ಲ್ಯಾಕ್ಟೇಟ್ ತೆಗೆದು ಫ್ಲೂಯಿಡ್ ಶುರು ಮಾಡ್ಲಾ?"

ಅರ್ಧ ನಿಮಿಷದ ಮಾತು. ಕೊನೆಯ ಎರಡು ಪ್ರಶ್ನೆ ಬಿಡಬೇಡಿ. ಮೊದಲನೆಯದಕ್ಕೆ ನಿಮಿಷದ ಲೆಕ್ಕ, ಎರಡನೆಯದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರವೇ ಬರಬೇಕು. ಬಾಯಿಮಾತಿನ ಆರ್ಡರನ್ನು ಬರೆದುಕೊಂಡು ಓದಿ ಹೇಳಿ ಖಚಿತಪಡಿಸಿಕೊಳ್ಳಿ. ಹೇಳಿದ ಹೊತ್ತಿಗೆ ಬರದಿದ್ದರೆ ಅವರ ಮೇಲಿನವರಿಗೆ ಫೋನ್ ಮಾಡುವುದು ಚಾಡಿಯಲ್ಲ, ಅದೂ ಡ್ಯೂಟಿಯೇ.

ಮೋಸ ಮಾಡುವ ಕೆಲವು ಸಂದರ್ಭಗಳು

ಮಾರ್ಫಿನ್ ಕೊಟ್ಟವರು "ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ" ಎಂದರೆ ಎಬ್ಬಿಸಿ ನೋಡಿ. ಮಾತಿನ ನಡುವೆಯೇ ಕಣ್ಣು ಮುಚ್ಚಿಹೋದರೆ ಅದು ನಿದ್ದೆಯಲ್ಲ, ಉಸಿರು ಕುಗ್ಗುವ ಮುನ್ನಿನ ಮಂಪರು. ಆಕ್ಸಿಜನ್ ಮೇಲಿರುವವರ ಸ್ಯಾಚುರೇಶನ್ ಈ ಹೊತ್ತಿನಲ್ಲೂ 97 ತೋರಿಸಬಹುದು. ಉಸಿರು ಎಣಿಸಿದವರಿಗೆ ಮಾತ್ರ 8 ಎಂದು ಗೊತ್ತಾಗುತ್ತದೆ. ಮಾರ್ಫಿನ್ ಪಂಪ್ ಇದ್ದರೆ ನಿಲ್ಲಿಸಿ, ತಲೆ ಸರಿಮಾಡಿ ಶ್ವಾಸದ ದಾರಿ ಬಿಡಿಸಿ, ಸಹಾಯಕ್ಕೆ ಕರೆಯಿರಿ, ಮಾರ್ಫಿನ್ ಪ್ರಭಾವ ಇಳಿಸುವ ನಲಾಕ್ಸೋನ್ ತರಿಸಿ. ನಲಾಕ್ಸೋನಿನ ಪ್ರಭಾವ ಮಾರ್ಫಿನ್‌ಗಿಂತ ಬೇಗ ಇಳಿಯುತ್ತದೆ. ಎಚ್ಚರವಾದವರು ಒಂದು ಗಂಟೆಯೊಳಗೆ ಮತ್ತೆ ಮುಳುಗಬಹುದು, ಪಕ್ಕದಲ್ಲೇ ಇರಬೇಕು.

ಥೈರಾಯ್ಡ್ ಆಪರೇಷನ್ ಆದವರ ಡ್ರೆಸ್ಸಿಂಗ್ ಮುಂದೆ ಒಣಗಿದ್ದರೂ ಕತ್ತಿನ ಹಿಂದೆ ಕೈ ಹಾಕಿ ನೋಡಿ, ರಕ್ತ ಅಲ್ಲಿಗೆ ಇಳಿದಿರುತ್ತದೆ. ಉಸಿರು ಎಳೆಯುವಾಗ ಕೀರಲು ಸದ್ದು, ಕತ್ತು ಬಿಗಿಯುತ್ತಿದೆ ಎಂಬ ದೂರು ಬಂದರೆ ಅವರು ಎಲ್ಲರಿಗಿಂತ ಮೊದಲು, 2ನೇ ಹಾಸಿಗೆಗಿಂತಲೂ ಮೊದಲು. ಹೊಲಿಗೆ ಬಿಚ್ಚುವ ಸೆಟ್ ತಲೆದಿಂಬಿನ ಬಳಿಯೇ ಇರಬೇಕು, ಸ್ಟೋರ್ ರೂಮಿನಲ್ಲಲ್ಲ.

ರಕ್ತ ಹಾಕುವಾಗ ಮೊದಲ 15 ನಿಮಿಷ ಹಾಸಿಗೆ ಬಿಟ್ಟು ಕದಲಬೇಡಿ. ನಡುಕ, ಸೊಂಟನೋವು, ಉಸಿರುಗಟ್ಟುವಿಕೆ, ಯಾವುದೇ ಕಂಡರೂ ಮೊದಲು ರಕ್ತ ನಿಲ್ಲಿಸಿ. ಅದೇ ಸೆಟ್‌ಗೆ ಸಲೈನ್ ಜೋಡಿಸಬೇಡಿ, ಟ್ಯೂಬಿನಲ್ಲಿ ಉಳಿದ ರಕ್ತ ಒಳಗೆ ಹೋಗುತ್ತದೆ. ಹೊಸ ಸೆಟ್ ಹಾಕಿ, ಚೀಟಿ ಮತ್ತು ಹೆಸರು ಮತ್ತೆ ತಾಳೆ ನೋಡಿ, ಬ್ಯಾಗನ್ನು ಬಿಸಾಡದೆ ಬ್ಲಡ್ ಬ್ಯಾಂಕಿಗೆ ಕಳಿಸಿ. ತೊಂದರೆಯಿಲ್ಲದೆ ಸಾಗಿದರೂ 4 ಗಂಟೆಯೊಳಗೆ ಒಂದು ಬ್ಯಾಗ್ ಮುಗಿಯಬೇಕು.

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ನೇರವಾಗಿ ರಕ್ತನಾಳಕ್ಕೆ ಎಂದೂ ತಳ್ಳಬಾರದು, ಹೃದಯ ನಿಲ್ಲುತ್ತದೆ. ಡ್ರಿಪ್‌ನಲ್ಲಿ ಚೆನ್ನಾಗಿ ಬೆರೆಸಿ, ಕೈಯ ನರದಲ್ಲಾದರೆ ಸಾಮಾನ್ಯವಾಗಿ ಗಂಟೆಗೆ 10 ಮಿಲಿಇಕ್ವಿವಲೆಂಟ್ (mEq, ಮಿಲಿ ಲೀಟರ್ ಅಲ್ಲ) ಮೀರದಂತೆ. ಮೂತ್ರ ಬರುತ್ತಿದೆಯೇ ಎಂದು ಮೊದಲೇ ನೋಡಿ.

ಹಂತ 6: ಮತ್ತೆ ನೋಡುವ ಹೊತ್ತನ್ನು ಗೊತ್ತುಮಾಡಿ

ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನರ್ಸಿನ ತೀರ್ಮಾನವನ್ನು ಗಮನಿಸುವುದು, ಅರ್ಥ ಹಚ್ಚುವುದು, ಕೈಹಾಕುವುದು, ಹಿಂದಿರುಗಿ ನೋಡುವುದು ಎಂದು ನಾಲ್ಕಾಗಿ ಬಿಡಿಸಿದರು. ಗಡಿಬಿಡಿಯ ಶಿಫ್ಟಿನಲ್ಲಿ ಮೊದಲು ಬಿದ್ದುಹೋಗುವುದು ನಾಲ್ಕನೆಯದು. ಫ್ಲೂಯಿಡ್ ಹಾಕಿದೆವು, ವೈದ್ಯರು ನೋಡಿದರು, ಸರಿ, ಮುಂದಿನ ಹಾಸಿಗೆ. ಆ ಫ್ಲೂಯಿಡ್‌ನಿಂದ ಏನಾಯಿತು?

ಕೆಲಸದ ಜೊತೆಗೇ ಮರಳಿ ನೋಡುವ ಗಂಟೆಯನ್ನೂ ಬರೆಯಿರಿ. 2ನೇ ಹಾಸಿಗೆಗೆ 15 ನಿಮಿಷಕ್ಕೊಮ್ಮೆ ವೈಟಲ್ಸ್, ಗಂಟೆಗೊಮ್ಮೆ ಮೂತ್ರದ ಅಳತೆ. ಫ್ಲೂಯಿಡ್ ಹೋಗುತ್ತಿರುವಾಗ ಎದೆಯ ತಳಭಾಗದಲ್ಲಿ ಸ್ಟೆತ್ ಇಟ್ಟು ಕೇಳಿ. ಹೊಸದಾಗಿ ಚಿಟಪಟ ಸದ್ದು ಕೇಳಿಸಿದರೆ, ಸ್ಯಾಚುರೇಶನ್ ಇಳಿದರೆ ವೇಗ ತಗ್ಗಿಸಲು ಆಗಲೇ ಕೇಳಿ. ಕೇವಲ ಬಿಪಿ ಏರಿದ್ದನ್ನು ಸುಧಾರಣೆ ಎನ್ನಬೇಡಿ. ಪಲ್ಸ್ ಇಳಿಯಬೇಕು, ಕೈ ಬೆಚ್ಚಗಾಗಬೇಕು, ಮೂತ್ರ ಗಂಟೆಗೆ 30 ಮುಟ್ಟಬೇಕು, ಯಾವ ವಾರ ಎಂದರೆ ಸರಿಯಾಗಿ ಹೇಳಬೇಕು.

ಚಾರ್ಟಿನಲ್ಲಿ "ರೋಗಿ ಆರಾಮವಾಗಿದ್ದಾರೆ, ವೈದ್ಯರಿಗೆ ತಿಳಿಸಲಾಗಿದೆ" ಎಂದು ಬರೆದರೆ ಮುಂದಿನ ಶಿಫ್ಟಿನವರಿಗೆ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: "19.40: ಹೊಸ ಗೊಂದಲ, ನ್ಯೂಸ್ 9, ಹೊಟ್ಟೆ ಗಟ್ಟಿ. 19.45: ಡ್ಯೂಟಿ ಸರ್ಜನ್‌ಗೆ ಫೋನ್. 19.58: ಬಂದು ನೋಡಿದರು. 20.05: ಕಲ್ಚರ್, ಲ್ಯಾಕ್ಟೇಟ್ ತೆಗೆಯಲಾಯಿತು. 20.10: ಆ್ಯಂಟಿಬಯಾಟಿಕ್ ಶುರು. 20.25: ಪಲ್ಸ್ 104, ಬಿಪಿ 118/80, ಉಸಿರು 22, ಗೊಂದಲ ಹಾಗೆಯೇ ಇದೆ. ಮುಂದಿನ ಪರಿಶೀಲನೆ 20.40."